ಸೆಕೆಂಡ್ ಹ್ಯಾಂಡ್ ವೇಗದ ಕಾರು: ಕೊಂಡ ಕೆಲವೇ ವಾರಗಳಲ್ಲಿ ಎಂಜಿನ್ ಏಕೆ ಕೈಕೊಡುತ್ತದೆ?

ಹೊಸದಾಗಿದ್ದಾಗ ಮಧ್ಯಮ ವರ್ಗದ ಕೈಗೆಟುಕದ ವೇಗದ ಕಾರುಗಳು ಎಂಟು ಹತ್ತು ವರ್ಷ ಕಳೆಯುವಷ್ಟರಲ್ಲಿ ಮೂಲ ಬೆಲೆಯ ಸಣ್ಣದೊಂದು ಪಾಲಿಗೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದು ನಿಲ್ಲುತ್ತವೆ. ಕಾರಿನ ಬೆಲೆ ಹೀಗೆ ಇಳಿದರೂ ಅದರ ಬಿಡಿಭಾಗಗಳ ದರವಾಗಲಿ, ಅದರ ಒಳಗುಟ್ಟು ಬಲ್ಲ ಮೆಕ್ಯಾನಿಕ್‌ನ ಕೂಲಿಯಾಗಲಿ ಇಳಿಯುವುದಿಲ್ಲ. ಹೀಗಾಗಿ ಅಂಥ ಕಾರಿನ ಎಂಜಿನ್ ಕೆಟ್ಟರೆ ದುರಸ್ತಿಯ ಲೆಕ್ಕ ಕೆಲವೊಮ್ಮೆ ಕಾರಿಗೆ ಕೊಟ್ಟ ಹಣವನ್ನೇ ಮೀರುತ್ತದೆ. ಈ ಕೇಡು ಕೊಂಡ ಕೆಲವೇ ವಾರಗಳಲ್ಲಿ ಒದಗಿದಾಗ ಕೊಂಡವರು ಅದನ್ನು ತಮ್ಮ ಹಣೆಬರಹವೆಂದೋ ಮಾರಿದವರ ಮೋಸವೆಂದೋ ತಿಳಿಯುವುದು ಸಹಜ. ಆದರೆ ಕೆಟ್ಟ ಎಂಜಿನ್ನನ್ನು ಬಿಚ್ಚಿ ನೋಡಿದಾಗ ಕಾಣುವ ಸಂಗತಿ ಬಹುಪಾಲು ಬೇರೆಯೇ ಆಗಿರುತ್ತದೆ: ನಿಂತುಹೋದ ದಿನ ಹೊಸ ಮಾಲೀಕರ ಕಾಲದ್ದಾದರೂ ಸವೆತದ ಆರಂಭ ಹಳೆಯ ಮಾಲೀಕರ ಕಾಲದ್ದು. ಇಂಥ ಕಾರನ್ನು ಕೊಳ್ಳುವವರು ಯಂತ್ರದ ಜೊತೆಗೆ, ಆ ಯಂತ್ರವನ್ನು ಬೇರೊಬ್ಬರು ವರ್ಷಗಟ್ಟಲೆ ನಡೆಸಿಕೊಂಡ ಬಗೆಯನ್ನೂ ಕೊಳ್ಳುತ್ತಾರೆ ಎಂಬುದನ್ನು ಮನಗಂಡರೆ, ಏನನ್ನು ಪರೀಕ್ಷಿಸಬೇಕು, ಏನನ್ನು ಕೇಳಬೇಕು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಬಲಕ್ಕೆ ತೆರುವ ಬೆಲೆ

ಪರ್ಫಾರ್ಮೆನ್ಸ್ ಕಾರು ಎಂದರೆ ಅದೇ ಗಾತ್ರದ ಸಾಮಾನ್ಯ ಕಾರಿಗಿಂತ ಹೆಚ್ಚು ಶಕ್ತಿಯನ್ನು ಹೊಮ್ಮಿಸುವಂತೆ ರೂಪಿಸಿದ ಕಾರು. ಹೆಚ್ಚು ಶಕ್ತಿಯನ್ನು ಪಡೆಯಲು ತಯಾರಕರಿಗೆ ಮುಖ್ಯವಾಗಿ ಎರಡು ದಾರಿಗಳಿವೆ: ಒಂದು, ಎಂಜಿನ್ ನಿಮಿಷಕ್ಕೆ ಹೆಚ್ಚು ಸುತ್ತು, ಅಂದರೆ ಹೆಚ್ಚು ಆರ್‌ಪಿಎಂ, ತಿರುಗುವಂತೆ ಮಾಡುವುದು, ಇನ್ನೊಂದು, ಟರ್ಬೊ ಎಂಬ ಗಾಳಿಯೊತ್ತುವ ಸಾಧನದಿಂದ ಸಿಲಿಂಡರಿನೊಳಗೆ ಹೆಚ್ಚು ಗಾಳಿಯನ್ನು ತುಂಬಿ, ಅದಕ್ಕೆ ತಕ್ಕಷ್ಟು ಹೆಚ್ಚು ಇಂಧನವನ್ನು ಉರಿಸುವುದು. ಎರಡೂ ದಾರಿಗಳಲ್ಲಿ ಲೋಹದ ಭಾಗಗಳ ಮೇಲೆ ಬೀಳುವ ಹೊರೆ ಏರುತ್ತದೆ, ತಪ್ಪಿಗೆ ಉಳಿಯುವ ಅವಕಾಶ ಕುಗ್ಗುತ್ತದೆ.

ಮೊದಲ ದಾರಿಯನ್ನು ನೋಡಿದರೆ, ಸಿಲಿಂಡರಿನೊಳಗೆ ಮೇಲೆ ಕೆಳಗೆ ಚಲಿಸುವ ಪಿಸ್ಟನ್ನನ್ನು ಪ್ರತಿ ಸುತ್ತಿನಲ್ಲೂ ಎರಡು ಬಾರಿ ತಡೆದು ನಿಲ್ಲಿಸಿ ದಿಕ್ಕು ಬದಲಿಸಬೇಕಾಗುತ್ತದೆ. ಅದಕ್ಕೆ ಬೇಕಾದ ಬಲವು ಸುತ್ತುವ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, 4,000 ಆರ್‌ಪಿಎಂನಿಂದ 8,000 ಆರ್‌ಪಿಎಂಗೆ ಏರಿದಾಗ ಹೊರೆ ನಾಲ್ಕು ಪಟ್ಟಾಗುತ್ತದೆ. ಈ ಹೊರೆಯನ್ನು ಹೊರುವುದು ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಎಂಬ ತೋಳು. ಆ ತೋಳು ತಿರುಗುವ ಕ್ರ್ಯಾಂಕ್‌ಶಾಫ್ಟಿಗೆ ಸೇರುವ ಜಾಗದಲ್ಲಿ ರಾಡ್ ಬೇರಿಂಗ್ ಎಂಬ, ಅರೆವೃತ್ತಾಕಾರದ ಎರಡು ತೆಳುವಾದ ಲೋಹದ ಚಿಪ್ಪುಗಳಿರುತ್ತವೆ. ಚಿಪ್ಪಿಗೂ ಶಾಫ್ಟಿಗೂ ನಡುವೆ ಬಿಡುವ ಅಂತರ, ಶಾಫ್ಟಿನ ವ್ಯಾಸದ ಸುಮಾರು ಸಾವಿರದ ಒಂದು ಪಾಲು ಎಂಬುದು ಎಂಜಿನ್ ಕಟ್ಟುವವರ ಸಾಮಾನ್ಯ ಸೂತ್ರ. 50 ಮಿಲಿಮೀಟರ್ ವ್ಯಾಸಕ್ಕೆ ಅದು 0.05 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಈ ಕಿರಿದಾದ ಅಂತರವನ್ನು ಒತ್ತಡದಿಂದ ಬರುವ ಆಯಿಲ್ ತುಂಬಿಕೊಂಡು ಎರಡು ಲೋಹಗಳು ಒಂದನ್ನೊಂದು ಮುಟ್ಟದಂತೆ ಕಾಯುತ್ತದೆ. ಆಯಿಲ್ ಕಡಿಮೆಯಾದರೆ, ಹಳತಾಗಿ ತೆಳುವಾದರೆ, ಅಥವಾ ಇನ್ನೂ ತಣ್ಣಗೆ ದಪ್ಪವಾಗಿದ್ದು ಎಲ್ಲ ಕಡೆಗೂ ಸರಿಯಾಗಿ ಹರಿಯದಿರುವಾಗಲೇ ಎಂಜಿನ್ನನ್ನು ರಭಸವಾಗಿ ಓಡಿಸಿದರೆ, ಆ ಪದರ ಹರಿದು ಚಿಪ್ಪು ಸವೆಯತೊಡಗುತ್ತದೆ. ಕೊನೆಗೊಂದು ದಿನ ಚಿಪ್ಪು ಕಿತ್ತು ಶಾಫ್ಟಿಗೆ ಅಂಟಿಕೊಂಡು ಎಂಜಿನ್ ಸೀಜ್ ಆಗುತ್ತದೆ, ಇಲ್ಲವೇ ರಾಡ್ ತುಂಡಾಗಿ ಎಂಜಿನ್ ಬ್ಲಾಕನ್ನೇ ಒಡೆದು ಹೊರಬರುತ್ತದೆ.

ಎರಡನೆಯ ದಾರಿಯಲ್ಲಿ ಶಾಖ ಮುಖ್ಯ ಶತ್ರು. ಟರ್ಬೊದ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಅದನ್ನು ಕಾಯುವುದೂ ಎಂಜಿನ್ ಆಯಿಲ್ಲೇ. ಜೊತೆಗೆ, ಸಿಲಿಂಡರಿನೊಳಗೆ ಒತ್ತಡ ಮತ್ತು ಶಾಖ ಮಿತಿಮೀರಿದಾಗ ಇಂಧನ ಕ್ರಮವಾಗಿ ಉರಿಯುವ ಬದಲು ಒಮ್ಮೆಲೇ ಸಿಡಿಯುವುದುಂಟು. ನಾಕಿಂಗ್ ಎಂದು ಕರೆಯುವ ಈ ಸಿಡಿತವು ಪಿಸ್ಟನ್ನಿನ ಮೇಲ್ಭಾಗವನ್ನೂ, ರಿಂಗುಗಳು ಕೂರುವ ತೋಡುಗಳ ನಡುವಿನ ಅಂಚುಗಳನ್ನೂ ಸೀಳಬಲ್ಲದು.

ಮೂರು ಎಂಜಿನ್‌ಗಳು ಕಲಿಸುವ ಪಾಠ

ಜಗತ್ತಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಬಹಳ ಚರ್ಚೆಗೊಳಗಾದ ಮೂರು ಎಂಜಿನ್‌ಗಳು ಈ ವಿಷಯವನ್ನು ಮೂರು ಬೇರೆ ಬೇರೆ ಮುಖಗಳಿಂದ ತೋರಿಸುತ್ತವೆ. ಮೊದಲನೆಯದು ಬಿಎಂಡಬ್ಲ್ಯು ಎಂ3 ಕಾರಿನದು. 2000ರಿಂದ 2006ರವರೆಗೆ ತಯಾರಾದ ಪೀಳಿಗೆಯಲ್ಲಿ 8,000 ಆರ್‌ಪಿಎಂ ಮುಟ್ಟುವ 3.2 ಲೀಟರಿನ ಆರು ಸಿಲಿಂಡರ್ ಎಂಜಿನ್ ಇತ್ತು. ಆರಂಭದ ವರ್ಷಗಳ ಕಾರುಗಳಲ್ಲಿ ರಾಡ್ ಬೇರಿಂಗ್‌ಗಳು ಅಕಾಲದಲ್ಲಿ ಸೋತಿದ್ದರಿಂದ ಕಂಪನಿಯೇ ಅವನ್ನು ಬದಲಿಸಿಕೊಟ್ಟು, ಅಮೆರಿಕದಲ್ಲಿ ಎಂಜಿನ್ನಿನ ವಾರಂಟಿಯನ್ನೂ ವಿಸ್ತರಿಸಿತು. 2007ರಿಂದ 2013ರವರೆಗಿನ ಮುಂದಿನ ಪೀಳಿಗೆಯ 4 ಲೀಟರಿನ ಎಂಟು ಸಿಲಿಂಡರ್ ಎಂಜಿನ್ 8,400 ಆರ್‌ಪಿಎಂವರೆಗೆ ಹೋಗುತ್ತಿತ್ತು. ಅದರ ಬೇರಿಂಗ್ ಸವೆತ ಎಷ್ಟು ಕುಖ್ಯಾತವೆಂದರೆ, ತಿಳಿದ ಮಾಲೀಕರು ಟೈರ್ ಬದಲಿಸುವ ಹಾಗೆ ಅವನ್ನೂ ಮುನ್ನೆಚ್ಚರಿಕೆಯಾಗಿ ಬದಲಿಸುವುದನ್ನು ರೂಢಿ ಮಾಡಿಕೊಂಡರು. ಈ ಕಾರುಗಳ ಆರ್‌ಪಿಎಂ ಮೀಟರಿನ ಅಂಚಿನಲ್ಲಿ ಕಿತ್ತಳೆ ಬಣ್ಣದ ದೀಪಗಳ ಸಾಲೊಂದಿದ್ದು, ಆಯಿಲ್ ಬಿಸಿಯಾದಂತೆಲ್ಲ ಅವು ಒಂದೊಂದಾಗಿ ಆರುತ್ತವೆ. ಆಯಿಲ್ ಬಿಸಿಯಾಗುವ ಮುನ್ನ ಎಷ್ಟು ವೇಗ ಸಲ್ಲದು ಎಂಬುದನ್ನು ತಯಾರಕರೇ ಹೀಗೆ ಕಣ್ಣೆದುರು ಬರೆದಿಟ್ಟಿದ್ದಾರೆ. ಹಿಂದಿನ ಮಾಲೀಕರು ಆ ದೀಪಗಳಿಗೆ ಬೆಲೆ ಕೊಟ್ಟಿದ್ದರೇ ಎಂಬುದು ಮಾತ್ರ ಕಾರಿನ ಹೊರಮೈಯಲ್ಲಿ ಎಲ್ಲೂ ಕಾಣುವುದಿಲ್ಲ.

ಎರಡನೆಯದು ಪೋರ್ಷೆಯದು. 1990ರ ದಶಕದ ಕೊನೆಯಿಂದ 2008ರವರೆಗಿನ ಬಾಕ್ಸ್‌ಸ್ಟರ್ ಮತ್ತು ಬಹುಪಾಲು 911 ಕಾರುಗಳ ಎಂಜಿನ್ನಿನಲ್ಲಿ, ಕ್ರ್ಯಾಂಕ್‌ಶಾಫ್ಟಿನ ತಿರುಗುವಿಕೆಯನ್ನು ಚೈನ್‌ಗಳ ಮೂಲಕ ವಾಲ್ವ್ ತೆರೆಯುವ ಶಾಫ್ಟುಗಳಿಗೆ ಮುಟ್ಟಿಸಲು ನಡುವೆ ಇಂಟರ್‌ಮೀಡಿಯೆಟ್ ಶಾಫ್ಟ್ ಎಂಬ ಇನ್ನೊಂದು ಶಾಫ್ಟ್ ಇತ್ತು. ಅದರ ಒಂದು ತುದಿಯನ್ನು ಹೊತ್ತ ಬಾಲ್ ಬೇರಿಂಗಿಗೆ ಗ್ರೀಸ್ ತುಂಬಿ ಸೀಲ್ ಮಾಡಿರುತ್ತಿದ್ದರು; ಸೀಲ್ ಹಳತಾದಂತೆ ಗ್ರೀಸ್ ತೊಳೆದುಹೋಗಿ ಬೇರಿಂಗ್ ಪುಡಿಯಾದರೆ ಚೈನ್‌ಗಳ ತಾಳ ತಪ್ಪಿ, ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು, ಕ್ಷಣಮಾತ್ರದಲ್ಲಿ ಇಡೀ ಎಂಜಿನ್ ಹಾಳಾಗುತ್ತಿತ್ತು. ಈ ಕುರಿತ ಸಾಮೂಹಿಕ ಮೊಕದ್ದಮೆಯೊಂದು ಅಮೆರಿಕದಲ್ಲಿ 2013ರಲ್ಲಿ ರಾಜಿಗೆ ಬಂದಿತು. 2009ರ ಮಾದರಿಯ ಹೊಸ ಎಂಜಿನ್ನಿನಲ್ಲಿ ಆ ಶಾಫ್ಟನ್ನೇ ಕೈಬಿಡಲಾಯಿತು. ಇಲ್ಲಿ ಗಮನಿಸಬೇಕಾದದ್ದೆಂದರೆ, ಹೆಚ್ಚು ಓಡಿಸದೆ ಶೆಡ್ಡಿನಲ್ಲಿ ನಿಲ್ಲಿಸಿದ್ದ ಕಾರಿಗಿಂತ ನಿಯಮಿತವಾಗಿ ಓಡಿದ, ಕಾಲಕಾಲಕ್ಕೆ ಆಯಿಲ್ ಕಂಡ ಕಾರಿನಲ್ಲೇ ಈ ಬೇರಿಂಗ್ ಹೆಚ್ಚು ಬಾಳುತ್ತದೆ ಎಂಬುದು ಈ ಎಂಜಿನ್‌ಗಳನ್ನು ಬಿಚ್ಚುವ ಮೆಕ್ಯಾನಿಕ್‌ಗಳ ಅನುಭವ. ಕಡಿಮೆ ಕಿಲೋಮೀಟರ್ ಓಡಿದ ಕಾರೇ ಒಳ್ಳೆಯ ಕಾರು ಎಂಬ ನಂಬಿಕೆಗೆ ಇದು ನೇರ ವಿರುದ್ಧ.

ಮೂರನೆಯದು ಮಾಜ್ದಾ ಆರ್‌ಎಕ್ಸ್-8. ಇದರಲ್ಲಿ ಪಿಸ್ಟನ್ ಬದಲು ತ್ರಿಕೋನಾಕಾರದ ರೋಟರ್ ತಿರುಗುತ್ತದೆ. ಅದರ ಮೂರು ತುದಿಗಳಲ್ಲಿರುವ ಸೀಲ್‌ಗಳಿಗೆ ಜಿಡ್ಡು ಒದಗಿಸಲು ಎಂಜಿನ್ ತಾನೇ ಸ್ವಲ್ಪ ಸ್ವಲ್ಪ ಆಯಿಲನ್ನು ಉರಿಸಿಕೊಳ್ಳುತ್ತದೆ. ಆಯಿಲ್ ಮಟ್ಟವನ್ನು ಆಗಾಗ ನೋಡಿ ತುಂಬದ ಮಾಲೀಕರ ಕೈಯಲ್ಲಿ ಸೀಲ್‌ಗಳು ಸೋತು ಕಂಪ್ರೆಷನ್, ಅಂದರೆ ಒಳಗೆ ಗಾಳಿಯನ್ನು ಒತ್ತಿ ಹಿಡಿಯುವ ಶಕ್ತಿ, ಕುಸಿಯುತ್ತದೆ. ಉತ್ತರ ಅಮೆರಿಕದಲ್ಲಿ 2004ರಿಂದ 2008ರವರೆಗಿನ ಕಾರುಗಳ ರೋಟರ್ ಭಾಗದ ವಾರಂಟಿಯನ್ನು ಕಂಪನಿ 8 ವರ್ಷ ಅಥವಾ 1,00,000 ಮೈಲಿಗೆ ಏರಿಸಿತು. ಈ ಎಂಜಿನ್ನಿನ ದೌರ್ಬಲ್ಯ ಬಯಲಾಗುವುದು ಅದು ಬಿಸಿಯಾಗಿರುವಾಗ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದಾಗ. ಬೇರಿಂಗ್ ಮತ್ತು ಚೈನ್‌ಗಳ ಸದ್ದು ಕೇಳುವುದಾದರೋ ಬಹುಪಾಲು ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ ಸ್ಟಾರ್ಟ್ ಆದಾಗ. ಆದ್ದರಿಂದ ಒಮ್ಮೆ ತಣ್ಣಗೆ, ಒಮ್ಮೆ ಬಿಸಿಯಾಗಿ, ಹೀಗೆ ಎರಡು ಬಾರಿ ಸ್ಟಾರ್ಟ್ ಮಾಡಿ ನೋಡದ ಪರೀಕ್ಷೆ ಅರ್ಧ ಪರೀಕ್ಷೆ.

ಮಾರಾಟಕ್ಕೂ ಕೇಡಿಗೂ ಇರುವ ನಂಟು

ಎಂಜಿನ್ ಕೆಡುವುದು ಮಾರಾಟದ ಹಿಂದೆಯೇ ಏಕೆ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ದೊಡ್ಡ ಖರ್ಚು ಎದುರಾಗುವ ಸೂಚನೆ ಸಿಕ್ಕಾಗ ಕಾರನ್ನು ಕೈದಾಟಿಸುವವರು ಇದ್ದೇ ಇದ್ದಾರೆ; ಆದರೆ ಮಾರುವವರಿಗೇ ತಿಳಿಯದ ಸಂದರ್ಭಗಳೂ ಕಡಿಮೆಯಿಲ್ಲ. ಮಾರಲು ತೀರ್ಮಾನಿಸಿದವರು ಮುಂದಿನ ಸರ್ವಿಸನ್ನು ಮುಂದೂಡುತ್ತಾರೆ, ಗಿರಾಕಿ ಸಿಗುವವರೆಗೆ ಕಾರು ತಿಂಗಳುಗಟ್ಟಲೆ ನಿಂತಿರುತ್ತದೆ, ನಿಂತ ಎಂಜಿನ್ನಿನ ಮೇಲ್ಭಾಗಗಳಿಂದ ಆಯಿಲ್ ಇಳಿದುಹೋಗಿ ಸೀಲ್‌ಗಳು ಒಣಗುತ್ತವೆ. ಅಂಥ ಕಾರನ್ನು ಕೊಂಡವರು, ಬಹುಕಾಲದ ಆಸೆ ಕೈಗೂಡಿದ ಉತ್ಸಾಹದಲ್ಲಿ, ಹಳೆಯ ಮಾಲೀಕರು ಈಚೆಗೆ ಎಂದೂ ಮುಟ್ಟದ ವೇಗಕ್ಕೆ ಅದನ್ನು ಮೊದಲ ವಾರದಲ್ಲೇ ಕೊಂಡೊಯ್ಯುತ್ತಾರೆ. ಗೇರ್ ಇಳಿಸುವಾಗ ತಪ್ಪಿ ತೀರ ಕೆಳಗಿನ ಗೇರಿಗೆ ಹಾಕಿದರೆ, ಚಕ್ರಗಳೇ ಎಂಜಿನ್ನನ್ನು ಮಿತಿಮೀರಿ ತಿರುಗಿಸುತ್ತವೆ. ಇಂಧನ ಕಡಿದು ವೇಗವನ್ನು ಮಿತಿಯಲ್ಲಿಡುವ ಎಲೆಕ್ಟ್ರಾನಿಕ್ ವ್ಯವಸ್ಥೆ ಅಲ್ಲಿ ಏನೂ ಮಾಡಲಾರದು.

ಮಾರಾಟದ ಬೆನ್ನಿಗೇ ಎಂಜಿನ್ ಕೆಡಲು ಇನ್ನೊಂದು ಕಾರಣ ರಿಮ್ಯಾಪ್, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವಿನ ತಂತ್ರಾಂಶವನ್ನು ಬದಲಿಸಿ ಟರ್ಬೊದ ಒತ್ತಡವನ್ನು ಹೆಚ್ಚಿಸುವುದು. ವರ್ಷಗಟ್ಟಲೆ ಹೀಗೆ ಓಡಿಸಿ, ಮಾರುವ ಮುನ್ನ ಮೂಲ ತಂತ್ರಾಂಶವನ್ನು ಮರಳಿ ತುಂಬಿದರೆ ಕಾರು ಕಂಪನಿಯಿಂದ ಬಂದ ಹಾಗೆಯೇ ಕಾಣುತ್ತದೆ. ಪಿಸ್ಟನ್‌ಗಳು ಮತ್ತು ಟರ್ಬೊ ಸಹಿಸಿದ ಹೊರೆಯನ್ನು ಮಾತ್ರ ಯಾರೂ ಹಿಂದಕ್ಕೆ ತೆಗೆದುಕೊಳ್ಳಲಾಗದು.

ನಮ್ಮ ರಸ್ತೆ, ನಮ್ಮ ಪೆಟ್ರೋಲ್, ನಮ್ಮ ಮಳೆ

ಬೆಂಗಳೂರಿನಂಥ ನಗರಗಳಲ್ಲಿ ಈ ಸಮಸ್ಯೆಗೆ ಸ್ಥಳೀಯ ಆಯಾಮಗಳೂ ಸೇರಿಕೊಳ್ಳುತ್ತವೆ. ಗಂಟೆಗೆ ಸರಾಸರಿ 60 ಕಿಲೋಮೀಟರ್ ವೇಗದಲ್ಲಿ 10,000 ಕಿಲೋಮೀಟರ್ ಕ್ರಮಿಸುವ ಎಂಜಿನ್ ಸುಮಾರು 167 ಗಂಟೆ ದುಡಿದರೆ, ದಟ್ಟಣೆಯಲ್ಲಿ ಸರಾಸರಿ 20 ಕಿಲೋಮೀಟರ್ ವೇಗದಲ್ಲಿ ಅಷ್ಟೇ ದೂರ ಕ್ರಮಿಸುವುದು 500 ಗಂಟೆ ದುಡಿದಿರುತ್ತದೆ. ಓಡೋಮೀಟರ್ ಎರಡಕ್ಕೂ ಒಂದೇ ಅಂಕಿಯನ್ನು ತೋರಿಸುವುದರಿಂದ, ಕಿಲೋಮೀಟರ್ ಲೆಕ್ಕವೊಂದನ್ನೇ ನಂಬಿ ಆಯಿಲ್ ಬದಲಿಸಿದ ನಗರದ ಕಾರಿನಲ್ಲಿ ಆಯಿಲ್ ತನ್ನ ಆಯುಷ್ಯ ಮೀರಿ ದುಡಿದಿರುವುದುಂಟು. ಪೆಟ್ರೋಲಿನ ಆಕ್ಟೇನ್, ಅಂದರೆ ನಾಕಿಂಗ್ ತಡೆಯುವ ಗುಣದ ಅಳತೆ, ನಮ್ಮ ಸಾಮಾನ್ಯ ಪೆಟ್ರೋಲಿನಲ್ಲಿ ಬಹುಕಾಲ 91 ಇತ್ತು. ಯುರೋಪಿನ ಅನೇಕ ವೇಗದ ಕಾರುಗಳು ಬಯಸುವುದು 98. ಇಂಡಿಯನ್ ಆಯಿಲ್ ಕಂಪನಿ 100 ಆಕ್ಟೇನ್ ಪೆಟ್ರೋಲನ್ನು ಭಾರತದ ಕೆಲವು ನಗರಗಳಿಗೆ ತಂದದ್ದು 2020ರ ಡಿಸೆಂಬರಿನಲ್ಲಿ. ಅದಕ್ಕೂ ಹಿಂದಿನ ಕಾರೊಂದು ಯಾವ ಪೆಟ್ರೋಲ್ ಕುಡಿದು ಬೆಳೆಯಿತು ಎಂಬುದು ಕೇಳಬೇಕಾದ ಪ್ರಶ್ನೆ.

ಮಳೆ ನೀರಿನ ವಿಷಯ ಇನ್ನೂ ಗಂಭೀರವಾದುದು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳು ಮುಳುಗಿದಾಗ ಹಲವು ದುಬಾರಿ ಕಾರುಗಳೂ ನೀರಿನಲ್ಲಿ ನಿಂತವು; 2015ರಲ್ಲಿ ಚೆನ್ನೈ ಕಂಡದ್ದೂ ಇದೇ ದೃಶ್ಯ. ಗಾಳಿಯಂತೆ ನೀರನ್ನು ಒತ್ತಿ ಕುಗ್ಗಿಸಲಾಗದ ಕಾರಣ, ಸಿಲಿಂಡರಿಗೆ ನೀರು ನುಗ್ಗಿದ ಸ್ಥಿತಿಯಲ್ಲಿ ಎಂಜಿನ್ ತಿರುಗಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದನ್ನು ಹೈಡ್ರೋಸ್ಟ್ಯಾಟಿಕ್ ಲಾಕ್ ಎನ್ನುತ್ತಾರೆ. ಸ್ವಲ್ಪವೇ ಬಾಗಿದ ರಾಡ್ ನೀರು ತೆಗೆದು ಒಣಗಿಸಿದ ಮೇಲೆ ತಿಂಗಳುಗಟ್ಟಲೆ ಕೆಲಸ ಮಾಡಿ, ಆಮೇಲೊಂದು ದಿನ ಹೆದ್ದಾರಿಯಲ್ಲಿ ಮುರಿಯಬಹುದು. ಆದ್ದರಿಂದ ಕಾರಿನ ಹಳೆಯ ವಿಮಾ ಕ್ಲೇಮುಗಳ ವಿವರವನ್ನು ಕೇಳಿ ಪಡೆಯುವುದೂ, ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೆಸರಿನ ಕಲೆ ಇದೆಯೇ ಎಂದು ನೋಡುವುದೂ ವ್ಯರ್ಥವಲ್ಲ.

ಕೊಳ್ಳುವ ಮುನ್ನ

ಪರೀಕ್ಷೆಯ ಮೊದಲ ಹೆಜ್ಜೆ ದಾಖಲೆಗಳದು. ಪ್ರತಿ ಸರ್ವಿಸಿನ ಬಿಲ್ಲಿನಲ್ಲಿ ದಿನಾಂಕ, ಕಿಲೋಮೀಟರ್ ಮತ್ತು ಹಾಕಿದ ಆಯಿಲಿನ ದರ್ಜೆ ಇರುತ್ತವೆ. ಅವನ್ನು ಸಾಲಾಗಿಟ್ಟು ಓದಿದರೆ ಓಡೋಮೀಟರ್ ತಿದ್ದಿದ್ದಾರೆಯೇ, ಸರ್ವಿಸ್ ತಪ್ಪಿದೆಯೇ, ಆ ಎಂಜಿನ್ನಿಗೆ ತಯಾರಕರು ಹೇಳಿದ ಆಯಿಲ್ಲೇ ಬಿದ್ದಿದೆಯೇ ಎಂಬ ಮೂರೂ ತಿಳಿಯುತ್ತವೆ. ಎರಡನೆಯ ಹೆಜ್ಜೆ ಕಂಪ್ಯೂಟರಿನದು. ಅದರಲ್ಲಿ ದಾಖಲಾದ ದೋಷಗಳನ್ನು ಓದುವ ಓಬಿಡಿ ಸ್ಕ್ಯಾನರ್ ಜೋಡಿಸಿದಾಗ ದೋಷದ ಕೋಡ್‌ಗಳು ಇಲ್ಲದಿರುವುದಷ್ಟೇ ಸಾಲದು. ಕೋಡ್‌ಗಳನ್ನು ಅಳಿಸಿದ ಕೂಡಲೇ ಕಾರಿನ ಸ್ವಯಂ ತಪಾಸಣೆಗಳು ಅಪೂರ್ಣ ಎಂಬ ಸ್ಥಿತಿಗೆ ಮರಳುವುದರಿಂದ, ಅನೇಕ ತಪಾಸಣೆಗಳು ಅಪೂರ್ಣವೆಂದು ತೋರಿದರೆ ಯಾರೋ ಈಚೆಗೆ ಏನನ್ನೋ ಅಳಿಸಿರಬಹುದು ಅಥವಾ ಬ್ಯಾಟರಿ ಕಳಚಿರಬಹುದು ಎಂದು ಊಹಿಸಬೇಕು. ಪೋರ್ಷೆಯಂಥ ಕಾರುಗಳ ಕಂಪ್ಯೂಟರ್, ಎಂಜಿನ್ ಮಿತಿಮೀರಿ ಸುತ್ತಿದ್ದನ್ನೂ ನೆನಪಿಟ್ಟುಕೊಂಡಿರುತ್ತದೆ.

ಮೂರನೆಯ ಹೆಜ್ಜೆ ಯಂತ್ರದ್ದು. ಕಂಪ್ರೆಷನ್ ಟೆಸ್ಟ್ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಎಂಬುದನ್ನು ಅಳೆಯುತ್ತದೆ. ಲೀಕ್‌ಡೌನ್ ಟೆಸ್ಟ್ ಸಿಲಿಂಡರಿಗೆ ಹೊರಗಿನಿಂದ ಗಾಳಿ ತುಂಬಿ, ಅದು ರಿಂಗುಗಳ ಬದಿಯಿಂದ ಸೋರುತ್ತಿದೆಯೋ ವಾಲ್ವ್‌ಗಳ ಬದಿಯಿಂದ ಸೋರುತ್ತಿದೆಯೋ ಎಂಬುದನ್ನು ಹೇಳುತ್ತದೆ. ಬೋರೋಸ್ಕೋಪ್ ಎಂಬ ತೆಳು ಕ್ಯಾಮೆರಾ ಸಿಲಿಂಡರಿನ ಗೋಡೆಯ ಗೀರುಗಳನ್ನು ಕಾಣಿಸುತ್ತದೆ. ಇವು ಯಾವುವೂ ರಾಡ್ ಬೇರಿಂಗಿನ ಸ್ಥಿತಿಯನ್ನು ಹೇಳುವುದಿಲ್ಲವಾದ್ದರಿಂದ ಹಳೆಯ ಆಯಿಲನ್ನು ಲ್ಯಾಬಿಗೆ ಕಳಿಸುವುದು ಮತ್ತು ಆಯಿಲ್ ಫಿಲ್ಟರನ್ನು ಕತ್ತರಿಸಿ ಲೋಹದ ಚೂರುಗಳನ್ನು ಹುಡುಕುವುದು ಅಗತ್ಯ. ಆಯಿಲಿನಲ್ಲಿ ತಾಮ್ರ, ಸೀಸ, ತವರ ಹೆಚ್ಚಿದ್ದರೆ ಬೇರಿಂಗ್‌ಗಳತ್ತ, ಅಲ್ಯೂಮಿನಿಯಂ ಹೆಚ್ಚಿದ್ದರೆ ಪಿಸ್ಟನ್‌ಗಳತ್ತ, ಸೋಡಿಯಂ ಅಥವಾ ಪೊಟ್ಯಾಸಿಯಂ ಇದ್ದರೆ ಕೂಲೆಂಟ್ ಒಳಗೆ ಸೋರುತ್ತಿರುವುದರತ್ತ ಅನುಮಾನ ತಿರುಗಬೇಕು. ಪರಿಸರ ನಿಯಮಗಳಿಂದಾಗಿ ಯುರೋಪಿನ ತಯಾರಕರು ಬೇರಿಂಗ್‌ಗಳಲ್ಲಿ ಸೀಸವನ್ನು ಕೈಬಿಟ್ಟ ಮೇಲೆ, ಸೀಸ ಕಾಣದಿರುವುದೇ ಆರೋಗ್ಯದ ಗುರುತಾಗಿ ಉಳಿದಿಲ್ಲ ಎಂಬುದನ್ನೂ ನೆನಪಿಡಬೇಕು. ಆಯಿಲನ್ನು ಆಗಷ್ಟೇ ಬದಲಿಸಿದ್ದರೆ ಈ ಪರೀಕ್ಷೆಗೆ ಅರ್ಥವಿಲ್ಲ. ಇಷ್ಟೆಲ್ಲಕ್ಕೂ ತಗಲುವ ಖರ್ಚು ಒಂದು ಎಂಜಿನ್ ಇಳಿಸಿ ಕಟ್ಟುವ ಖರ್ಚಿನ ಮುಂದೆ ಅಲ್ಪ. ಪರೀಕ್ಷೆಗೇ ಒಪ್ಪದ ಮಾರಾಟಗಾರರಿಂದ ದೂರವಿರುವುದು ಲೇಸು.

ಕಾನೂನು ಎಲ್ಲಿಯವರೆಗೆ ಕಾಯುತ್ತದೆ

ಬ್ರಿಟನ್ನಿನಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ, ವ್ಯಾಪಾರಿಯಿಂದ ಕೊಂಡ ಕಾರಿನಲ್ಲಿ ದೋಷ ಕಂಡುಬಂದರೆ ಮೊದಲ 30 ದಿನಗಳಲ್ಲಿ ಅದನ್ನು ಹಿಂದಿರುಗಿಸಿ ಹಣ ಪಡೆಯುವ ಹಕ್ಕಿದೆ; ಅದರ ನಂತರ ದುರಸ್ತಿ ಅಥವಾ ಬದಲಿ ಕೇಳುವಾಗ, ಆರು ತಿಂಗಳೊಳಗೆ ಕಂಡ ದೋಷ ಮಾರುವಾಗಲೇ ಇತ್ತೆಂದು ಕಾನೂನು ಊಹಿಸಿಕೊಳ್ಳುತ್ತದೆ, ಇರಲಿಲ್ಲವೆಂದು ಸಾಧಿಸುವ ಹೊಣೆ ವ್ಯಾಪಾರಿಯದು. ಭಾರತದಲ್ಲಿ ಇಂಥ ಊಹೆ ಕಾಯ್ದೆಯಲ್ಲಿಲ್ಲ. 1930ರ ಸರಕು ಮಾರಾಟ ಕಾಯ್ದೆ ವ್ಯಾಪಾರಿಯ ಸರಕು ಮಾರಾಟಯೋಗ್ಯವಾಗಿರಬೇಕೆಂದು ಹೇಳಿದರೂ, ಕೊಳ್ಳುವವರು ಪರೀಕ್ಷಿಸಿದ್ದಾಗ ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಈ ರಕ್ಷಣೆ ಸಿಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ವ್ಯಾಪಾರಿಗೆ ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ದೋಷದ ಬಗ್ಗೆ ಪ್ರಯೋಗಾಲಯದ ವರದಿಯನ್ನು ಆಯೋಗ ತರಿಸಬಹುದು. ಹಳೆಯ ವಾಹನ ಮಾರುವ ಡೀಲರ್‌ಗಳು ನೋಂದಣಿ ಪ್ರಾಧಿಕಾರದಿಂದ ಅಧಿಕಾರಪತ್ರ ಪಡೆಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆಯಾದರೂ, ಅದರ ಗುರಿ ಮಾಲೀಕತ್ವದ ಸ್ಪಷ್ಟತೆಯೇ ಹೊರತು ಎಂಜಿನ್ನಿನ ಗುಣಮಟ್ಟವಲ್ಲ. ವಾಹನ ವಿಮೆಯೂ ಅಪಘಾತಕ್ಕೆ ಪರಿಹಾರ ಕೊಡುತ್ತದೆ, ಯಂತ್ರ ತಾನಾಗಿ ಕೆಟ್ಟರೆ ಕೊಡುವುದಿಲ್ಲ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಮುಖ್ಯವಾಗಿ ನೀರು ನುಗ್ಗುವುದು, ಆಯಿಲ್ ಸೋರುವುದು ಇಂಥ ಹಾನಿಗಳಿಗೆ ಸೀಮಿತ.

ಈ ಹಿನ್ನೆಲೆಯಲ್ಲಿ ಮಾರುವವರು ಬಾಯಿಮಾತಿನಲ್ಲಿ ಹೇಳಿದ್ದನ್ನು ಬರಹದಲ್ಲಿ ಪಡೆಯುವುದೇ ಕೊಳ್ಳುವವರ ಬಲ. ಎಂಜಿನ್ ಕೆಲಸ ಆಗಿಲ್ಲ, ನೀರಿನಲ್ಲಿ ಮುಳುಗಿಲ್ಲ, ರಿಮ್ಯಾಪ್ ಮಾಡಿಲ್ಲ ಎಂಬ ಮಾತುಗಳು ಸಂದೇಶದ ರೂಪದಲ್ಲಾದರೂ ಇದ್ದರೆ ಮುಂದೆ ಅವು ಸಾಕ್ಷ್ಯವಾಗಬಲ್ಲವು. ಇಷ್ಟಾದರೂ ಎಂಜಿನ್ ಕೆಟ್ಟರೆ ಮಾಡಬೇಕಾದ ಮೊದಲ ಕೆಲಸ ಅದನ್ನು ಆಫ್ ಮಾಡುವುದು. ಆಯಿಲ್ ಪ್ರೆಶರಿನ ಕೆಂಪು ದೀಪ ಹೊತ್ತಿದ ಮೇಲೆ ಅಥವಾ ವೇಗಕ್ಕೆ ತಕ್ಕಂತೆ ಏರಿಳಿಯುವ ಬಡಿತ ಕೇಳಿದ ಮೇಲೆ ಗ್ಯಾರೇಜಿನವರೆಗೆ ಓಡಿಸುವ ಪ್ರಯತ್ನವೇ ದುರಸ್ತಿ ಸಾಧ್ಯವಿದ್ದ ಎಂಜಿನ್ನನ್ನು ಗುಜರಿಗೆ ಕಳಿಸುತ್ತದೆ. ಆಮೇಲೆ ಮಾರಿದವರಿಗೆ ಲಿಖಿತವಾಗಿ ತಿಳಿಸಬೇಕು, ಅವರಿಗೂ ಪರೀಕ್ಷಿಸುವ ಅವಕಾಶ ಕೊಟ್ಟ ಬಳಿಕವೇ ಬಿಚ್ಚಿಸಬೇಕು, ಬಿಚ್ಚುವ ಪ್ರತಿ ಹಂತದ ಚಿತ್ರ ತೆಗೆಯಬೇಕು, ಹಳೆಯ ಆಯಿಲ್, ಫಿಲ್ಟರ್, ಮುರಿದ ಭಾಗಗಳನ್ನು ಜೋಪಾನವಾಗಿಡಬೇಕು. ಬೇರೆ ಎಂಜಿನ್ ಕೂರಿಸಿದರೆ ಅದರ ಸಂಖ್ಯೆಯನ್ನು ಆರ್‌ಟಿಒ ಮೂಲಕ ಆರ್‌ಸಿಗೆ ಸೇರಿಸಬೇಕು.

ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ಇಂದು ಕಡಿಮೆ ಕಿಲೋಮೀಟರಿಗೂ ಹೊಳೆಯುವ ಬಣ್ಣಕ್ಕೂ ಹೆಚ್ಚಿನ ಬೆಲೆ ಕೊಡುತ್ತದೆ, ದಪ್ಪನೆಯ ಬಿಲ್ಲುಗಳ ಕಡತಕ್ಕೆ ಕೊಡುವುದಿಲ್ಲ. ಹೀಗಾಗಿ ಎಂಜಿನ್ನನ್ನು ಬಿಸಿಯಾಗಲು ಬಿಟ್ಟು, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿ, ಬೇರಿಂಗ್‌ಗಳನ್ನು ಮುನ್ನೆಚ್ಚರಿಕೆಯಿಂದ ಹಾಕಿಸಿದ ಮಾಲೀಕರಿಗೂ, ಇವೊಂದನ್ನೂ ಮಾಡದವರಿಗೂ ಮಾರುವಾಗ ಹೆಚ್ಚುಕಡಿಮೆ ಒಂದೇ ಹಣ ಸಿಗುತ್ತದೆ. ಕೊಳ್ಳುವವರು ದಾಖಲೆಯಿಲ್ಲದ ಕಾರಿಗೆ ಮುಂದಿನ ಎಂಜಿನ್ ಕೆಲಸದ ಖರ್ಚನ್ನು ಕಳೆದು ಬೆಲೆ ಕಟ್ಟಿ, ದಾಖಲೆಯಿರುವ ಕಾರಿಗೆ ಮನಸಾರೆ ಹೆಚ್ಚು ಹಣ ಕೊಡತೊಡಗಿದರೆ, ಎಂಜಿನ್ನನ್ನು ಚೆನ್ನಾಗಿ ನೋಡಿಕೊಳ್ಳುವುದು ಮೊದಲ ಮಾಲೀಕರಿಗೂ ಲಾಭದ ಬಾಬತ್ತಾಗುತ್ತದೆ. ಕಾನೂನು ತುಂಬಲಾಗದ ಕೊರತೆಯನ್ನು ತುಂಬುವ ಶಕ್ತಿ ಅಷ್ಟರಮಟ್ಟಿಗೆ ಕೊಳ್ಳುವವರ ಕೈಯಲ್ಲೇ ಇದೆ.